ತಂತಿಯಲ್ಲಿ ಬಂದ ಊರಿನ ದನಿ

ಘಾಟಿ ಸುಬ್ರಹ್ಮಣ್ಯದ ಗುಡಿಗೆ ಹೋದವರು ಗರ್ಭಗುಡಿಯಲ್ಲಿರುವ ಕನ್ನಡಿಯನ್ನು ಗಮನಿಸಿರಬಹುದು. ಅಲ್ಲಿ ಒಂದೇ ಶಿಲೆಯಲ್ಲಿ ಸುಬ್ರಹ್ಮಣ್ಯ ಪೂರ್ವಕ್ಕೆ, ನರಸಿಂಹ ಪಶ್ಚಿಮಕ್ಕೆ ಮುಖ ಮಾಡಿದ್ದಾರೆ. ಎದುರಿಗೆ ನಿಂತವನಿಗೆ ಸುಬ್ರಹ್ಮಣ್ಯನ ದರ್ಶನವಾಗುತ್ತದೆ. ನರಸಿಂಹನನ್ನು ನೋಡಬೇಕಾದರೆ ಹಿಂದೆ ಇರಿಸಿರುವ ಕನ್ನಡಿಯಲ್ಲಿಯೇ ನೋಡಬೇಕು. ಬೆನ್ನ ಹಿಂದಿನದು ಕಾಣಲು ಕನ್ನಡಿ ಬೇಕು ಎಂಬ ಸರಳ ಸತ್ಯವನ್ನು ನಮ್ಮ ಹಿರಿಯರು ಗರ್ಭಗುಡಿಯೊಳಗೇ ಇಟ್ಟಿದ್ದಾರೆ.

ಪುಷ್ಯ ಮಾಸದಲ್ಲಿ ಇಲ್ಲಿ ನಡೆಯುವ ದನಗಳ ಜಾತ್ರೆ ದಕ್ಷಿಣ ಕರ್ನಾಟಕದ ದೊಡ್ಡ ಜಾತ್ರೆಗಳಲ್ಲಿ ಒಂದು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ರೈತರಷ್ಟೇ ಅಲ್ಲ, ಗಡಿಯಾಚೆಯ ಆಂಧ್ರ, ತಮಿಳುನಾಡಿನವರೂ ಜೋಡಿ ಎತ್ತು ಹೊಡೆದುಕೊಂಡು ಬರುತ್ತಾರೆ. ಎತ್ತಿನ ಹಲ್ಲು ಎಣಿಸುವಾಗ, ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವಾಗ, ರಾತ್ರಿ ಒಲೆಯ ಸುತ್ತ ಕುಳಿತಾಗ ಊರೂರ ಸುದ್ದಿ ಕೈ ಬದಲಾಯಿಸುತ್ತದೆ. ಎಲ್ಲಿ ಮಳೆ ಕೈಕೊಟ್ಟಿತು, ಯಾವ ಕೆರೆಯ ಕೋಡಿ ಒಡೆಯಿತು, ಯಾವ ಊರಿನಲ್ಲಿ ಎರಡು ಪಂಗಡಗಳು ಮಾತು ಬಿಟ್ಟವು ಎಂಬುದೆಲ್ಲ ಇಲ್ಲಿ ತಿಳಿಯುತ್ತಿತ್ತು. ಪತ್ರಿಕೆ, ಬಾನುಲಿ ಬರುವ ಮುಂಚೆ ಜಾತ್ರೆಯೇ ಬಯಲುಸೀಮೆಯ ವಾರ್ತಾ ಕೇಂದ್ರ. ಅಲ್ಲಿ ಹೇಳುವವನೂ ರೈತ, ಕೇಳುವವನೂ ರೈತ.

ಟೆಲಿವಿಷನ್ ಬಂದ ಮೇಲೆ ಈ ಸಮಾನತೆ ಕೆಟ್ಟಿತು. ಹೇಳುವವನು ದೂರದ ಪಟ್ಟಣದ ಸ್ಟುಡಿಯೋದಲ್ಲಿ ಉಳಿದ, ಕೇಳುವವನು ಚಾಪೆಯ ಮೇಲೆ ಕುಳಿತ. ಹಳ್ಳಿ ಟೆಲಿವಿಷನ್ ನೋಡಿತು. ಟೆಲಿವಿಷನ್ನಿನಲ್ಲಿ ತನ್ನನ್ನು ನೋಡಿಕೊಂಡದ್ದು ಬಹಳ ಅಪರೂಪ. ಈ ಕೊರತೆಯನ್ನು ತುಂಬಲು ಜಗತ್ತಿನ ಹಲವೆಡೆ ಹುಟ್ಟಿದ ಏರ್ಪಾಡಿಗೆ ಸಮುದಾಯ ಟೆಲಿವಿಷನ್ ಎಂದು ಹೆಸರು. ಅದು ಸರ್ಕಾರದ್ದೂ ಅಲ್ಲ, ವ್ಯಾಪಾರಿಯದೂ ಅಲ್ಲ. ಒಂದು ಊರಿನ ಅಥವಾ ಬಡಾವಣೆಯ ಜನ ತಮ್ಮ ಕಷ್ಟಸುಖವನ್ನು ತಾವೇ ಚಿತ್ರಿಸಿ ತಮ್ಮವರಿಗೇ ತೋರಿಸುವುದು ಅದರ ತಿರುಳು. ಕೂಲಿ ಕೈಸೇರದವನ ದೂರು, ಕೆರೆಗೆ ಬಿದ್ದ ಕೊಳಕು, ಎರಡು ಕೇರಿಗಳ ನಡುವಿನ ಮನಸ್ತಾಪ ಇವೇ ಅದರ ಸುದ್ದಿ. ಭಾರತದಲ್ಲಿ, ಅದರಲ್ಲೂ ಕರ್ನಾಟಕದಲ್ಲಿ, ಇಂಥದೊಂದು ಟೆಲಿವಿಷನ್ ಇತ್ತೇ? ಪೂರ್ತಿ ಇತ್ತೆನ್ನಲಾಗದು, ಇರಲೇ ಇಲ್ಲವೆನ್ನಲೂ ಆಗದು. ಆ ಕಥೆ ಸ್ವಾರಸ್ಯಕರವಾಗಿದೆ.

ಹಳ್ಳಿಗೆಂದೇ ಬಂದ ಪೆಟ್ಟಿಗೆ

ಇಂದಿನ ಓದುಗರಿಗೆ ಆಶ್ಚರ್ಯವಾಗಬಹುದು, ನಮ್ಮ ದೇಶಕ್ಕೆ ಟೆಲಿವಿಷನ್ ಬಂದದ್ದು ಮನೆಯ ಹಜಾರಕ್ಕಲ್ಲ, ಸಮುದಾಯದ ಕೂಟಕ್ಕೆ. 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಯುನೆಸ್ಕೋ ನೆರವಿನಿಂದ ಪ್ರಯೋಗಾರ್ಥ ಪ್ರಸಾರ ಆರಂಭವಾದಾಗ ನೋಡುಗರು ಟೆಲಿಕ್ಲಬ್ಬುಗಳೆಂಬ ಗುಂಪುಗಳಲ್ಲಿ ಸೇರಿ ನೋಡುತ್ತಿದ್ದರು, ನೋಡಿದ ಮೇಲೆ ಚರ್ಚಿಸುತ್ತಿದ್ದರು. 1967ರ ಜನವರಿ 26ರಂದು ದೆಹಲಿಯ ಸುತ್ತಲ ಹಳ್ಳಿಗಳಿಗಾಗಿ ‘ಕೃಷಿ ದರ್ಶನ’ ಶುರುವಾಯಿತು. ಅದಕ್ಕೂ ಊರಿಗೊಂದು ಸಾಮೂಹಿಕ ಪೆಟ್ಟಿಗೆ ಇಡಲಾಗಿತ್ತು.

ಕರ್ನಾಟಕದ ಹಳ್ಳಿಗೆ ಟೆಲಿವಿಷನ್ ಬಂದದ್ದು ಬೆಂಗಳೂರಿಗೆ ಬರುವುದಕ್ಕೆ ಆರು ವರ್ಷ ಮುಂಚೆ, ಅದೂ ಆಕಾಶದಿಂದ. ವಿಕ್ರಮ್ ಸಾರಾಭಾಯಿಯವರು ಕಂಡ ಕನಸಿನ ಫಲವಾಗಿ, ಅವರು ತೀರಿಹೋದ ಮೇಲೆ, ‘ಸೈಟ್’ ಎಂಬ ಉಪಗ್ರಹ ಬೋಧನಾ ಪ್ರಯೋಗ ನಡೆಯಿತು. ಅಮೆರಿಕದ ನಾಸಾ ಸಂಸ್ಥೆ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಕೊಟ್ಟಿತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದಿನಕ್ಕೆ ನಾಲ್ಕು ಗಂಟೆ ಕಾರ್ಯಕ್ರಮ ಬಂತು. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಕರ್ನಾಟಕದಲ್ಲಿ ಆಯ್ದದ್ದು ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳನ್ನು. ಕೋಳಿಗೂಡಿನ ಜಾಲರಿಯಂಥ ತಂತಿಯ ಮೂರು ಮೀಟರ್ ಅಗಲದ ಆಂಟೆನಾವನ್ನು ಹೊತ್ತು ಶಾಲೆ, ಪಂಚಾಯ್ತಿ ಕಟ್ಟಡಗಳು ಸಂಜೆ ತುಂಬಿಹೋಗುತ್ತಿದ್ದವು.

ಪ್ರಯೋಗ ದೊಡ್ಡದು, ಅದರ ಹಿರಿಮೆಯನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ, ಬಿತ್ತರವಾಗುತ್ತಿದ್ದುದು ಅಹಮದಾಬಾದಿನ ಭೂಕೇಂದ್ರದ ಮೂಲಕ. ಲಿಂಗಸುಗೂರಿನ ಯಾವುದೋ ಹಳ್ಳಿಯ ಕೂಲಿಯವನು ತನ್ನೂರಿನ ಸಂಗತಿ ಹೇಳಬೇಕೆಂದರೆ ಅದಕ್ಕೆ ದಾರಿಯಿರಲಿಲ್ಲ. ಉಪಗ್ರಹದಿಂದ ಕೆಳಗೆ ಬರುವ ದಾರಿಯಿತ್ತು, ಹಳ್ಳಿಯಿಂದ ಮೇಲಕ್ಕೆ ಹೋಗುವ ದಾರಿ ಇರಲಿಲ್ಲ. ಒಂದು ವರ್ಷ ಮುಗಿದ ಮೇಲೆ ಉಪಗ್ರಹವೂ ಹಿಂದಿರುಗಿತು. ಮುಂದುವರಿಕೆಯಾಗಿ 1977ರಲ್ಲಿ ಗುಲ್ಬರ್ಗಾದಲ್ಲಿ ದೂರದರ್ಶನ ಕೇಂದ್ರ ಬಂತು.

ಖೇಡಾ ಕಲಿಸಿದ ಪಾಠ

ಅದೇ 1975ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಇಸ್ರೋ ಇನ್ನೊಂದು ಬಗೆಯ ಪ್ರಯೋಗಕ್ಕೆ ಕೈಹಾಕಿತು. ಪೀಜ್ ಎಂಬ ಹಳ್ಳಿಯಲ್ಲಿ ಕೇವಲ ಒಂದು ಕಿಲೋವಾಟ್ ಶಕ್ತಿಯ ಪುಟ್ಟ ಪ್ರೇಷಕ ಇಟ್ಟು, ಸುತ್ತಲ ನಾನೂರಕ್ಕೂ ಹೆಚ್ಚು ಹಳ್ಳಿಗಳಿಗೆ ಸಾಮೂಹಿಕ ಪೆಟ್ಟಿಗೆಗಳನ್ನು ಕೊಟ್ಟರು. ವ್ಯತ್ಯಾಸ ಇದ್ದದ್ದು ಕಾರ್ಯಕ್ರಮ ತಯಾರಿಸುವ ಬಗೆಯಲ್ಲಿ. ನಿರ್ಮಾಪಕರು ಹಳ್ಳಿಗೆ ಹೋಗಿ ಕುಳಿತು, ಜನರ ಕಷ್ಟ ಏನೆಂದು ಕೇಳಿ, ಅವರಿಂದಲೇ ಕಥೆ ಹೇಳಿಸಿ, ಅವರನ್ನೇ ಪಾತ್ರ ಮಾಡಿಸಿದರು. ಅಸ್ಪೃಶ್ಯತೆ, ಕನಿಷ್ಠ ಕೂಲಿ, ಹೆಣ್ಣುಮಕ್ಕಳ ಬವಣೆ ಮುಂತಾಗಿ ದೊಡ್ಡ ಕೇಂದ್ರಗಳು ಮುಟ್ಟಲು ಹಿಂಜರಿಯುವ ವಿಷಯಗಳು ಖೇಡಾದ ಪರದೆಯ ಮೇಲೆ ಬಂದವು. ತೋರಿಸಿದ ಮೇಲೆ ಜನ ಏನೆಂದರು ಎಂದು ಮತ್ತೆ ಹೋಗಿ ಕೇಳುತ್ತಿದ್ದರು. 1984ರಲ್ಲಿ ಗ್ರಾಮೀಣ ಸಂವಹನಕ್ಕಾಗಿ ಕೊಡುವ ಯುನೆಸ್ಕೋ ಪ್ರಶಸ್ತಿ ಈ ಯೋಜನೆಗೆ ಸಂದಿತು.

ಮುಂದಿನ ವರ್ಷವೇ ನಡೆದದ್ದನ್ನು ಕೇಳಿದರೆ ನಗುವುದೋ ಅಳುವುದೋ ತಿಳಿಯದು. ಪೀಜ್‌ನ ಪ್ರೇಷಕವನ್ನು ಕಿತ್ತು, ಮದರಾಸು ನಗರದ ಎರಡನೆಯ ವಾಹಿನಿಗೆಂದು ಒಯ್ದರು. ನಗರಕ್ಕೆ ಎರಡನೆಯ ವಾಹಿನಿ ಬೇಕೆನಿಸಿದಾಗ ಹಳ್ಳಿಯ ಒಂದೇ ಒಂದು ವಾಹಿನಿಯೂ ಉಳಿಯಲಿಲ್ಲ. ಖೇಡಾದ ಪಾಠ ಎರಡು. ಸಣ್ಣ ಪ್ರೇಷಕ ದೊಡ್ಡ ಕೆಲಸ ಮಾಡಬಲ್ಲದು ಎಂಬುದು ಒಂದು. ಹಳ್ಳಿಗೆ ಕಾನೂನಿನ ಹಕ್ಕಿಲ್ಲದೆ ದಯೆಯಿಂದ ಕೊಟ್ಟದ್ದನ್ನು ಯಾವಾಗ ಬೇಕಾದರೂ ಕಿತ್ತುಕೊಳ್ಳಬಹುದು ಎಂಬುದು ಇನ್ನೊಂದು.

ದ್ವೀಪದ ಬೆಸ್ತರು ಮಂತ್ರಿಗಳಿಗೆ ಕಳಿಸಿದ ಚಿತ್ರ

ಇಂಥ ಪ್ರಯತ್ನಗಳಿಗೆ ಹೊರಗಿನ ಜಗತ್ತಿನಲ್ಲಿ ಒಂದು ಪ್ರಸಿದ್ಧ ಮೂಲವಿದೆ. ಕೆನಡಾದ ಪೂರ್ವ ಕರಾವಳಿಯ ಫೋಗೋ ಎಂಬ ದ್ವೀಪದಲ್ಲಿ ಮೀನುಗಾರಿಕೆ ಕುಸಿದು, ದ್ವೀಪವನ್ನೇ ಖಾಲಿ ಮಾಡಿಸಿ ಜನರನ್ನು ಬೇರೆಡೆ ನೆಲೆಗೊಳಿಸುವ ಮಾತು ನಡೆದಿತ್ತು. 1967ರಲ್ಲಿ ಅಲ್ಲಿನ ರಾಷ್ಟ್ರೀಯ ಚಲನಚಿತ್ರ ಮಂಡಳಿಯ ನಿರ್ದೇಶಕ ಕಾಲಿನ್ ಲೋ ಹಾಗೂ ವಿಶ್ವವಿದ್ಯಾಲಯವೊಂದರ ವಿಸ್ತರಣಾ ವಿಭಾಗದ ಡೊನಾಲ್ಡ್ ಸ್ನೋಡೆನ್ ಸೇರಿ ದ್ವೀಪದ ಬೆಸ್ತರ ಮಾತುಗಳನ್ನು ಚಿತ್ರಿಸಿದರು. ಮೊದಲು ಆ ಚಿತ್ರಗಳನ್ನು ದ್ವೀಪದ ಹಳ್ಳಿಗಳಲ್ಲೇ ತೋರಿಸಿದರು. ಒಂದು ಹಳ್ಳಿಯವರು ಇನ್ನೊಂದು ಹಳ್ಳಿಯವರ ಮಾತು ಕೇಳಿ, ತಮ್ಮೆಲ್ಲರ ಕಷ್ಟ ಒಂದೇ ಎಂದು ಅರಿತರು. ಆಮೇಲೆ ಅವನ್ನು ಮಂತ್ರಿಗಳು ನೋಡಿದರು. ದ್ವೀಪ ಖಾಲಿಯಾಗಲಿಲ್ಲ, ಬೆಸ್ತರು ಸಹಕಾರ ಸಂಘ ಕಟ್ಟಿಕೊಂಡು ದೋಣಿ ಕಟ್ಟತೊಡಗಿದರು.

ಈ ಘಟನೆಯಲ್ಲಿ ಗಮನಿಸಬೇಕಾದದ್ದು ಕ್ರಮ. ಚಿತ್ರ ಮೊದಲು ಹೋದದ್ದು ರಾಜಧಾನಿಗಲ್ಲ, ಪಕ್ಕದ ಊರಿಗೆ. ನೆರೆಹೊರೆ ಒಂದಾದ ಮೇಲೆ ಮಂತ್ರಿಯ ಬಾಗಿಲು ತಟ್ಟಿದರು. ಸಮುದಾಯ ಟೆಲಿವಿಷನ್ ಮಾಡುವ ಶಾಂತಿಯ ಕೆಲಸ ಎಂದರೆ ಇದೇ. ಎದುರೆದುರು ಕುಳಿತರೆ ಜಗಳವಾಡುವ ಇಬ್ಬರು, ಒಬ್ಬರ ಮಾತನ್ನು ಇನ್ನೊಬ್ಬರು ಪರದೆಯಲ್ಲಿ ತಾಳ್ಮೆಯಿಂದ ಕೇಳಬಲ್ಲರು. ನಡುವೆ ಮಾತು ಕತ್ತರಿಸಲು ಬರುವುದಿಲ್ಲವಲ್ಲ!

1995: ಎರಡು ದೇಶ, ಎರಡು ಕಾನೂನು

ಮತ್ತೆ ನಮ್ಮ ನಾಡಿಗೆ ಬರೋಣ. ಬೆಂಗಳೂರು ದೂರದರ್ಶನ ಕೇಂದ್ರ 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ ಆರಂಭವಾಯಿತು. ಹತ್ತು ವರ್ಷಗಳ ಬಳಿಕ, 1991ರ ಕೊಲ್ಲಿ ಯುದ್ಧದ ಸಮಯದಲ್ಲಿ, ಉಪಗ್ರಹ ವಾಹಿನಿಗಳು ಬಂದವು. ಅವನ್ನು ಮನೆಮನೆಗೆ ಮುಟ್ಟಿಸಲು ಕೇಬಲ್‌ನವರು ಬಂದರು. ತಾಲ್ಲೂಕು ಕೇಂದ್ರಗಳಲ್ಲಿ, ದೊಡ್ಡ ಹಳ್ಳಿಗಳಲ್ಲಿ ಒಬ್ಬ ಯುವಕ ಮಹಡಿಯ ಮೇಲೆ ಡಿಶ್ ನಿಲ್ಲಿಸಿ, ವಿದ್ಯುತ್ ಕಂಬದಿಂದ ಕಂಬಕ್ಕೆ ಕಪ್ಪು ತಂತಿ ಎಳೆದು, ತಿಂಗಳಿಗಿಷ್ಟು ಎಂದು ವಸೂಲಿ ಮಾಡುತ್ತಿದ್ದುದು ಆ ಕಾಲದವರಿಗೆಲ್ಲ ನೆನಪಿರುತ್ತದೆ. ಇವರಲ್ಲಿ ಅನೇಕರು ಒಂದು ವಾಹಿನಿಯನ್ನು ತಮಗೇ ಇಟ್ಟುಕೊಂಡು ಅದರಲ್ಲಿ ಸಿನಿಮಾ ಕ್ಯಾಸೆಟ್ ಹಾಕುತ್ತಿದ್ದರು. ಊರ ತೇರು, ಮದುವೆ, ಶಾಲಾ ವಾರ್ಷಿಕೋತ್ಸವಗಳನ್ನು ಆಗಾಗ ತೋರಿಸುವುದೂ ಇತ್ತು. ಯಾರೂ ಯೋಜಿಸದೆ, ಯಾರೂ ಹೆಸರಿಡದೆ ಹುಟ್ಟಿದ ಊರ ಟೆಲಿವಿಷನ್ ಅದು. ತೇರು ತೋರಿಸಿದ ತಂತಿಯಲ್ಲಿ ಕೆರೆಯ ಕಥೆಯನ್ನೂ ತೋರಿಸಬಹುದಿತ್ತು. ತಂತಿಗೇನೂ ಭೇದವಿಲ್ಲ.

ಈ ಸಂದರ್ಭದಲ್ಲಿ 1995ನೆಯ ಇಸವಿ ಬಹು ಮುಖ್ಯವಾದದ್ದು. ಆ ವರ್ಷ ಫೆಬ್ರುವರಿ 9ರಂದು ಸುಪ್ರೀಂ ಕೋರ್ಟು ಒಂದು ಐತಿಹಾಸಿಕ ತೀರ್ಪು ಕೊಟ್ಟಿತು. ಮೊಕದ್ದಮೆ ಹುಟ್ಟಿದ್ದು ಕ್ರಿಕೆಟ್ಟಿನಿಂದ. 1993ರ ಹೀರೋ ಕಪ್ ಪಂದ್ಯಗಳನ್ನು ಯಾರು ಬಿತ್ತರಿಸಬೇಕು ಎಂದು ಬಂಗಾಳದ ಕ್ರಿಕೆಟ್ ಸಂಸ್ಥೆಗೂ ಕೇಂದ್ರ ಸರ್ಕಾರಕ್ಕೂ ವ್ಯಾಜ್ಯ ಬಿದ್ದಿತ್ತು. ನ್ಯಾಯಾಲಯ ಮಾತ್ರ ಆಟದಾಚೆಗೆ ನೋಡಿತು. ಆಕಾಶದ ತರಂಗಗಳು ಸಾರ್ವಜನಿಕ ಸ್ವತ್ತು, ಅವು ಸರ್ಕಾರದ ಏಕಸ್ವಾಮ್ಯವೂ ಅಲ್ಲ, ಹಣವಂತರ ಪಾಲೂ ಆಗಬಾರದು, ಸಾರ್ವಜನಿಕ ಹಿತಕ್ಕೆ ಬಳಕೆಯಾಗಬೇಕು ಎಂಬುದು ತೀರ್ಪಿನ ಸಾರ.

ಅದೇ ವರ್ಷ ಸಂಸತ್ತು ಕೇಬಲ್ ಟೆಲಿವಿಷನ್ ಜಾಲಗಳ ನಿಯಂತ್ರಣ ಕಾಯ್ದೆ ಮಾಡಿತು. ಕೇಬಲ್‌ನವರು ದೂರದರ್ಶನದ ಕನಿಷ್ಠ ಎರಡು ವಾಹಿನಿಗಳನ್ನು ತೋರಿಸಲೇಬೇಕು ಎಂದು ಅದರಲ್ಲಿ ವಿಧಿಸಲಾಯಿತು. ಊರಿನವರ ವಾಹಿನಿಯೊಂದನ್ನು ತೋರಿಸಬೇಕು ಎಂಬ ಸಾಲು ಅದರಲ್ಲಿರಲಿಲ್ಲ. ವಿಚಿತ್ರವೆಂದರೆ, ಅದೇ 1995ರ ಜನವರಿಯಲ್ಲಿ ಬ್ರೆಜಿಲ್ ದೇಶವೂ ತನ್ನ ಕೇಬಲ್ ಕಾನೂನು ಮಾಡಿತು. ಆ ಕಾನೂನಿನಲ್ಲಿ, ಲಾಭದ ಉದ್ದೇಶವಿಲ್ಲದ ಸಂಘಸಂಸ್ಥೆಗಳ ಬಳಕೆಗೆಂದು ಪ್ರತಿ ಕೇಬಲ್ ಜಾಲವೂ ಒಂದು ಸಮುದಾಯ ವಾಹಿನಿಯನ್ನು ಉಚಿತವಾಗಿ ಬಿಟ್ಟುಕೊಡಬೇಕು ಎಂಬ ಸಾಲು ಇತ್ತು. ಅಮೆರಿಕದಲ್ಲಿ ಇಂಥ ಸಾರ್ವಜನಿಕ ವಾಹಿನಿಗಳ ಚರ್ಚೆ, ನಿಯಮ 1970ರ ದಶಕದಲ್ಲೇ ಶುರುವಾಗಿ, 1984ರ ಕಾನೂನಿನಲ್ಲಿ ಸ್ಥಳೀಯ ಆಡಳಿತಗಳು ಕೇಬಲ್ ಕಂಪನಿಗಳಿಂದ ಅವನ್ನು ಕೇಳಿ ಪಡೆಯಲು ಅವಕಾಶವಾಗಿತ್ತು.

ನಮ್ಮಲ್ಲಿ ಆ ಒಂದು ಸಾಲು ಬಿಟ್ಟುಹೋಯಿತು. ಅದಕ್ಕೆ ಎರಡು ವರ್ಷ ಮುಂಚೆ, 1993ರಲ್ಲಿ, ಸಂವಿಧಾನದ 73ನೆಯ ತಿದ್ದುಪಡಿ ಜಾರಿಗೆ ಬಂದು, ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಯೂ ಆಗಿತ್ತು. 1993ರಲ್ಲಿ ಹಳ್ಳಿಗೆ ಗ್ರಾಮಸಭೆ ಕೊಟ್ಟ ದೇಶ 1995ರಲ್ಲಿ ಅದಕ್ಕೊಂದು ಪರದೆ ಕೊಡಲು ಮರೆಯಿತು.

ಬೂದಿಕೋಟೆಯ ಉಪಾಯ

ಮರೆತದ್ದನ್ನು ನೆನಪಿಸಿದವರು ನಮ್ಮ ಬಯಲುಸೀಮೆಯವರೇ. ಕೋಲಾರ ಜಿಲ್ಲೆಯ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ಇತಿಹಾಸದ ಪುಟದಲ್ಲಿ ಹೈದರಾಲಿ ಹುಟ್ಟಿದ ಊರು. ಮಳೆ ಕಡಿಮೆ, ಕೊಳವೆ ಬಾವಿ ಆಳ, ರೇಷ್ಮೆ, ತರಕಾರಿ, ಹೈನು ನಂಬಿದ ಬದುಕು. ಮೈರಾಡ ಎಂಬ ಸಂಸ್ಥೆ ಅಲ್ಲಿ ಮಹಿಳೆಯರ ಸ್ವಸಹಾಯ ಸಂಘಗಳನ್ನು ಕಟ್ಟಿತ್ತು. ಬೆಂಗಳೂರಿನ ವಾಯ್ಸಸ್ ಎಂಬ ಇನ್ನೊಂದು ಸಂಸ್ಥೆ ಸಮುದಾಯ ಬಾನುಲಿಯ ಹಕ್ಕಿಗಾಗಿ ಓಡಾಡುತ್ತಿತ್ತು. 1996ರಲ್ಲಿ ಬೆಂಗಳೂರಿನಲ್ಲಿ ಸೇರಿದ ಸಭೆಯೊಂದರ ಘೋಷಣೆಯಲ್ಲಿ ಸಮುದಾಯಗಳಿಗೂ ಬಾನುಲಿ ಪರವಾನಗಿ ಕೊಡಬೇಕೆಂಬ ಬೇಡಿಕೆ ಸ್ಪಷ್ಟ ರೂಪ ಪಡೆದಿತ್ತು. ಈ ಇಬ್ಬರೂ ಯುನೆಸ್ಕೋ ನೆರವಿನೊಡನೆ ಸೇರಿ 2001ರಲ್ಲಿ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಎಂಬ ಧ್ವನಿ ಕೇಂದ್ರ ಆರಂಭಿಸಿದರು.

ಹೆಸರಿಗೆ ಕೇಂದ್ರ ಸಿದ್ಧವಾಯಿತು. ಬಿತ್ತರಿಸುವುದು ಹೇಗೆ? ಬಾನುಲಿ ಪರವಾನಗಿಯ ಬೇರು ಇದ್ದದ್ದು 1885ರ ಟೆಲಿಗ್ರಾಫ್ ಕಾಯ್ದೆಯಲ್ಲಿ. ಪರವಾನಗಿ ಇಲ್ಲದೆ ಗಾಳಿಗೆ ಒಂದು ಮಾತು ಬಿಟ್ಟರೂ ಅಪರಾಧ. ಹೀಗಾಗಿ ಮೊದಲು ಕ್ಯಾಸೆಟ್ಟುಗಳಲ್ಲಿ ಧ್ವನಿಮುದ್ರಿಸಿ ಸಂಘಗಳ ಸಭೆಯಲ್ಲಿ ಕೇಳಿಸಿದರು, ಸಂತೆಯ ದಿನ ಧ್ವನಿವರ್ಧಕದಲ್ಲಿ ಹಾಕಿದರು. ಸಂತೆಗೆ ಬಂದವರು ಸೊಪ್ಪು ಕೊಳ್ಳುತ್ತ ಪಕ್ಕದೂರಿನ ಹೆಂಗಸಿನ ಮಾತನ್ನು ಕೇಳಿದರು. ಜಾತ್ರೆಯ ಹಳೆಯ ರೀತಿಯೇ ಹೊಸ ಯಂತ್ರದಲ್ಲಿ ಬಂದಂತಾಯಿತು.

ಆಮೇಲೆ ಹೊಳೆದದ್ದೇ ಕೇಬಲ್ ಉಪಾಯ. ಗಾಳಿಗೆ ಪರವಾನಗಿ ಬೇಕು ಸರಿ, ಕೇಬಲ್‌ನವನ ತಂತಿ ಊರಿನ ಮನೆಗಳಿಗೆ ಈಗಾಗಲೇ ಹೋಗಿದೆಯಲ್ಲ? 2003ರಿಂದ ನಮ್ಮ ಧ್ವನಿಯ ಕಾರ್ಯಕ್ರಮಗಳು ಕೇಬಲ್ ಜಾಲದ ಮೂಲಕ ಮನೆಗಳ ಟೆಲಿವಿಷನ್ ಪೆಟ್ಟಿಗೆಗೆ ಬಂದವು. ಜನ ಟೀವಿ ಹಾಕಿ ರೇಡಿಯೋ ಕೇಳಿದರು! ಪರದೆಯ ಮೇಲೆ ಚಿತ್ರವಿಲ್ಲ, ಪೆಟ್ಟಿಗೆಯಿಂದ ನೆರೆಮನೆಯವರ ದನಿ. ಸಮುದಾಯ ಟೆಲಿವಿಷನ್ ಎಂದು ಹುಡುಕುವವರಿಗೆ ಕರ್ನಾಟಕದಲ್ಲಿ ಸಿಗುವ ಅತ್ಯಂತ ಹತ್ತಿರದ ಉದಾಹರಣೆ ಇದೇ, ಚಿತ್ರವಿಲ್ಲದ ಟೆಲಿವಿಷನ್.

ಅದರಲ್ಲಿ ಬರುತ್ತಿದ್ದುದೇನು? ಬೆಳೆ ರೋಗ, ಹೆಣ್ಣುಮಕ್ಕಳ ಆರೋಗ್ಯ, ಮಕ್ಕಳ ಶಾಲೆ, ಸಂಘದ ಉಳಿತಾಯ, ಜನಪದ ಹಾಡು. ದನಿ ಊರಿನವರದು, ಕನ್ನಡ ಕೋಲಾರದ ತೆಲುಗು ಬೆರೆತ ಕನ್ನಡ. ನಲ್ಲಿಯಲ್ಲಿ ನೀರು ಬಾರದೆ ಕಂಗಾಲಾದ ಹೆಂಗಸರ ಮಾತನ್ನು ಧ್ವನಿಮುದ್ರಿಸಿ ಬಿತ್ತರಿಸಿದಾಗ ಪಂಚಾಯ್ತಿಯವರು ದುರಸ್ತಿಗೆ ಇಳಿದರು ಎಂದು ಆ ಕೇಂದ್ರದ ಬಗ್ಗೆ ಬರೆದವರು ಹೇಳುತ್ತಾರೆ. ಇದರಲ್ಲಿ ಪವಾಡವೇನೂ ಇಲ್ಲ. ಅರ್ಜಿ ಕಚೇರಿಯ ಕಡತದಲ್ಲಿ ಮಲಗುತ್ತದೆ, ಅದನ್ನು ನೋಡಿದವರು ಗುಮಾಸ್ತರು ಮಾತ್ರ. ತಂತಿಯಲ್ಲಿ ಬಂದ ದೂರನ್ನು ಸದಸ್ಯರ ಮನೆಯವರೂ ಕೇಳುತ್ತಾರೆ. ಊರಿನ ಎದುರು ತಲೆ ಎತ್ತಿ ನಡೆಯಬೇಕಾದವನಿಗೆ ಊರಿನ ಕಿವಿಗಿಂತ ದೊಡ್ಡ ಮೇಲಧಿಕಾರಿ ಇಲ್ಲ.

ಪಸ್ತಾಪುರದ ಹೆಂಗಸರ ಕ್ಯಾಮೆರಾ

ಬೂದಿಕೋಟೆಯಲ್ಲಿ ದನಿ ಇತ್ತು, ಚಿತ್ರವಿರಲಿಲ್ಲ. ಚಿತ್ರ ಇದ್ದದ್ದು ನಮ್ಮ ಬೀದರ್ ಗಡಿಯಾಚೆ, ಜಹೀರಾಬಾದ್ ಬಳಿಯ ಪಸ್ತಾಪುರದಲ್ಲಿ. ಇಂದಿನ ತೆಲಂಗಾಣದ ಆ ಭಾಗದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆಯ ಮಹಿಳಾ ಸಂಘಗಳಿವೆ. ಸದಸ್ಯರು ಹೆಚ್ಚಿನವರು ದಲಿತ ಹೆಂಗಸರು, ಸಿರಿಧಾನ್ಯ ಬೆಳೆಯುವ ಸಣ್ಣ ರೈತರು. 1990ರ ದಶಕದ ಕೊನೆಗೆ ಅವರಲ್ಲಿ ಕೆಲವರು ವಿಡಿಯೋ ಕ್ಯಾಮೆರಾ ಕಲಿತರು. ಅಕ್ಷರ ಬಾರದವರೂ ಚಿತ್ರ ತೆಗೆದು, ಸಂಕಲಿಸಿ, ಬಿತ್ತನೆ ಬೀಜದ ಬಗ್ಗೆ, ಹತ್ತಿಯ ಬೆಳೆಗಾರರ ನಷ್ಟದ ಬಗ್ಗೆ ಸಾಕ್ಷ್ಯಚಿತ್ರ ಮಾಡಿದರು.

ಅವರು ಕ್ಯಾಮೆರಾದ ಕೋನಗಳಿಗೆ ಇಟ್ಟ ಹೆಸರುಗಳನ್ನು ಕೇಳಿದರೆ ಚಲನಚಿತ್ರ ಶಾಲೆಯ ಪ್ರಾಧ್ಯಾಪಕರೂ ಬೆರಗಾಗಬೇಕು. ಮೇಲಿನಿಂದ ಕೆಳಗೆ ನೋಡುವ ಕೋನಕ್ಕೆ ಪಟೇಲನ ಶಾಟ್ ಎಂದರು, ಏಕೆಂದರೆ ಪಟೇಲ ಮಾಳಿಗೆಯಿಂದ, ಮಂಚದಿಂದ ನೋಡುವುದು ಹಾಗೆ. ಕೆಳಗಿನಿಂದ ಮೇಲೆ ನೋಡುವುದು ಆಳಿನ ಶಾಟ್, ನೆಲದಲ್ಲಿ ಕುಳಿತ ಜೀತದವನಿಗೆ ಲೋಕ ಕಾಣುವುದು ಹಾಗೆ. ಕಣ್ಣಿಗೆ ಕಣ್ಣು ಸಮವಾಗಿ ನೋಡುವುದು ಸಂಘದ ಶಾಟ್. ಸಂಘದಲ್ಲಿ ಎಲ್ಲರೂ ಒಂದೇ ಚಾಪೆಯಲ್ಲಿ ಕೂರುವವರು. ತಾವು ತೆಗೆಯುವುದು ಸಂಘದ ಶಾಟನ್ನೇ ಎಂದು ಅವರು ನಿಶ್ಚಯಿಸಿಕೊಂಡರು.

ಸೈಟ್ ಪ್ರಯೋಗಕ್ಕೂ ಖೇಡಾಕ್ಕೂ, ಹಳ್ಳಿಯ ಬಗ್ಗೆ ಪಟ್ಟಣ ತೆಗೆಯುವ ಚಿತ್ರಕ್ಕೂ ಹಳ್ಳಿಯೇ ತೆಗೆಯುವ ಚಿತ್ರಕ್ಕೂ ಇರುವ ಅಂತರ ಈ ಮೂರು ಹೆಸರುಗಳಲ್ಲಿ ಅಡಗಿದೆ. ಯಂತ್ರ ಒಂದೇ. ಅದನ್ನು ಹಿಡಿದ ಕೈ ಯಾವ ಎತ್ತರದಲ್ಲಿದೆ ಎಂಬುದೇ ಪ್ರಶ್ನೆ.

ಅರ್ಧ ತೆರೆದ ಬಾಗಿಲು

2006ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಸಮುದಾಯ ಬಾನುಲಿಗೆ ಹೊಸ ನೀತಿ ತಂದು, ವಿದ್ಯಾಸಂಸ್ಥೆಗಳಲ್ಲದೆ ಸ್ವಯಂಸೇವಾ ಸಂಸ್ಥೆಗಳಿಗೂ ಪರವಾನಗಿ ಕೊಟ್ಟಿತು. ನೂರು ವಾಟ್ ಶಕ್ತಿ, ಐದರಿಂದ ಹತ್ತು ಕಿಲೋಮೀಟರ್ ವ್ಯಾಪ್ತಿ, ಅರ್ಧದಷ್ಟಾದರೂ ಸ್ಥಳೀಯ ಕಾರ್ಯಕ್ರಮ ಎಂಬ ನಿಯಮ. ಪಸ್ತಾಪುರದ ಹೆಂಗಸರ ಸಂಘಂ ರೇಡಿಯೋ 2008ರ ಅಕ್ಟೋಬರ್ 15ರಂದು ಗಾಳಿಗೆ ಬಂತು. ನಮ್ಮ ಧ್ವನಿಯೂ ಮುಂದೆ ತಂತಿ ಬಿಟ್ಟು ಎಫ್.ಎಂ. ಏರಿತು. ಇಂದು ದೇಶದಲ್ಲಿ ಐನೂರರ ಆಸುಪಾಸು ಸಮುದಾಯ ಬಾನುಲಿ ಕೇಂದ್ರಗಳಿವೆ.

ಬಾಗಿಲು ತೆರೆಯಿತು, ಆದರೆ ಅರ್ಧ. ಸಮುದಾಯ ಬಾನುಲಿಗೆ ತನ್ನದೇ ಸುದ್ದಿ ವಾರ್ತೆ ಓದುವ ಹಕ್ಕನ್ನು ನೀತಿ ಕೊಡಲಿಲ್ಲ. ಟೆಲಿವಿಷನ್ನಿನ ಮಾತಂತೂ ಅಲ್ಲಿ ಬರಲೇ ಇಲ್ಲ. ಸಮುದಾಯ ಬಾನುಲಿ ಎಂಬ ವರ್ಗ ನಮ್ಮ ನಿಯಮಾವಳಿಯಲ್ಲಿದೆ, ಸಮುದಾಯ ಟೆಲಿವಿಷನ್ ಎಂಬ ವರ್ಗ ಇಲ್ಲ.

ನ್ಯಾಯವಾಗಿ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಊರಿನ ಮಾಧ್ಯಮಕ್ಕೆ ಊರಿನದೇ ರೋಗಗಳು ತಗಲುತ್ತವೆ. ಮೈಕು ಊರ ಗೌಡರ ಕೈ ಸೇರಿದರೆ ಕೇರಿಯ ದನಿ ಮತ್ತೆ ಅಡಗುತ್ತದೆ. ಹಣ ಕೊಡುವ ಸಂಸ್ಥೆ ಹೊರಟುಹೋದರೆ ವಿದ್ಯುತ್ ಬಿಲ್ಲು ಕಟ್ಟುವವರಾರು ಎಂಬ ಪ್ರಶ್ನೆ ಬರುತ್ತದೆ. ಮೇಲಿನ ಪ್ರಯೋಗಗಳಲ್ಲಿ ಯಾವುದೂ ಹೊರಗಿನ ನೆರವಿಲ್ಲದೆ ಹುಟ್ಟಿದ್ದಲ್ಲ. ಅದಕ್ಕೆಂದೇ ಬೂದಿಕೋಟೆ, ಪಸ್ತಾಪುರಗಳಲ್ಲಿ ಮೊದಲು ಕಟ್ಟಿದ್ದು ಸ್ಟುಡಿಯೋ ಅಲ್ಲ, ಹೆಂಗಸರ ಸಂಘ. ಸಂಘ ಗಟ್ಟಿಯಿದ್ದಲ್ಲಿ ಮೈಕು ಕೈತಪ್ಪುವುದು ಕಷ್ಟ.

ಕಿಸೆಯಲ್ಲಿರುವ ಕ್ಯಾಮೆರಾ

ಈಗೇಕೆ ಈ ಹಳೆಯ ಕಥೆ, ಎಲ್ಲರ ಕಿಸೆಯಲ್ಲೂ ಕ್ಯಾಮೆರಾ ಇರುವಾಗ ಎಂದು ಕೇಳಬಹುದು. ಪ್ರಶ್ನೆ ಸರಿಯೇ. ಉತ್ತರಕ್ಕೆ ಮತ್ತೆ ಘಾಟಿಯ ಸೀಮೆಗೇ ಬರಬೇಕು.

ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರ ಸೀಮೆಯ ಕೆರೆಗಳನ್ನು ಒಂದೊಂದಾಗಿ ತುಂಬುತ್ತ ಹರಿದ ನದಿ. 1894ರ ಹೆಸರಘಟ್ಟ, 1933ರ ತಿಪ್ಪಗೊಂಡನಹಳ್ಳಿ ಜಲಾಶಯಗಳು ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟದ್ದು ಇದರ ಕೃಪೆಯಿಂದ. ಆ ಕೆರೆಗಳ ಸರಪಳಿಯಲ್ಲಿ ಬರುವ ದೊಡ್ಡತುಮಕೂರು, ಮಜರಾಹೊಸಹಳ್ಳಿ ಪಂಚಾಯ್ತಿಗಳ ಜನ ಈಚಿನ ವರ್ಷಗಳಲ್ಲಿ ಬೀದಿಗಿಳಿದಿದ್ದಾರೆ. ನಗರದ ಒಳಚರಂಡಿ ನೀರು, ಕೈಗಾರಿಕಾ ಪ್ರದೇಶದ ತ್ಯಾಜ್ಯ ತಮ್ಮ ಕೆರೆಗಳಿಗೆ ಸೇರಿ, ಅಂತರ್ಜಲವೂ ಕೆಟ್ಟಿತು ಎಂಬುದು ಅವರ ದೂರು. ಕುಡಿಯಲು ಶುದ್ಧ ನೀರು, ತ್ಯಾಜ್ಯ ಶುದ್ಧೀಕರಣ ಘಟಕ ಅವರ ಬೇಡಿಕೆ.

ಹಳ್ಳಿಯ ಹುಡುಗನೊಬ್ಬ ನೊರೆಯೆದ್ದ ನೀರನ್ನು ಮೊಬೈಲಿನಲ್ಲಿ ಚಿತ್ರಿಸಿ ಹಾಕಬಲ್ಲ. ಅದು ಕ್ಷಣದಲ್ಲಿ ಲೋಕಕ್ಕೆ ಹೋಗುತ್ತದೆ. ಲೋಕ ಒಂದು ನಿಮಿಷ ಅಯ್ಯೋ ಎಂದು ಬೆರಳು ಸರಿಸುತ್ತದೆ. ಯಾರಿಗೆ ಕಾಣಬೇಕು, ಯಾರಿಗೆ ಬೇಡ ಎಂದು ತೀರ್ಮಾನಿಸುವುದು ದೂರದ ಕಂಪನಿಯ ಗಣಕಯಂತ್ರ. ಕೆಳಗಿನ ಕೆರೆಯ ಊರಿನವರಿಗೆ, ಕಾರ್ಖಾನೆಯಲ್ಲಿ ಕೂಲಿ ಮಾಡುವ ಪಕ್ಕದ ಮನೆಯವನಿಗೆ, ಪಟ್ಟಣದ ಬಡಾವಣೆಯವರಿಗೆ ಅದು ಒಂದೇ ಹೊತ್ತಿಗೆ ಕಾಣುವ ಭರವಸೆಯಿಲ್ಲ. ಕಂಡವರು ಒಟ್ಟಿಗೆ ಕುಳಿತು ಮಾತಾಡುವ ಜಗಲಿಯೂ ಇಲ್ಲ. ಕಾರ್ಖಾನೆ ಮುಚ್ಚಿದರೆ ಅನ್ನವೆಲ್ಲಿ ಎಂದು ಕೇಳುವವನೂ, ಕೆರೆ ಸತ್ತರೆ ನೀರೆಲ್ಲಿ ಎಂದು ಕೇಳುವವನೂ ಒಂದೇ ಊರಿನವರಾದಾಗ, ಇಬ್ಬರ ಮಾತೂ ಒಂದೇ ಪರದೆಯಲ್ಲಿ ಒಂದಾದ ಮೇಲೊಂದು ಬರಬೇಕು. ಫೋಗೋದಲ್ಲಿ ನಡೆದದ್ದು ಅದು, ಖೇಡಾದಲ್ಲಿ ಮತ್ತೆ ಹೋಗಿ ಕೇಳಿದ್ದು ಅದಕ್ಕೆ, ಬೂದಿಕೋಟೆಯ ತಂತಿ ಮಾಡಿದ್ದೂ ಅದನ್ನೇ. ಮೊಬೈಲು ಕ್ಯಾಮೆರಾದ ಕೊರತೆ ನೀಗಿಸಿದೆ, ಜಗಲಿಯ ಕೊರತೆಯನ್ನಲ್ಲ.

ಆ ಜಗಲಿ ದುಬಾರಿಯದೇನಲ್ಲ. ಗ್ರಾಮಸಭೆ ಸೇರುವ ದಿನ ಪಂಚಾಯ್ತಿ ಕಟ್ಟಡದ ಗೋಡೆಯ ಮೇಲೆ ಊರಿನವರೇ ತೆಗೆದ ಚಿತ್ರ ತೋರಿಸಿ ಚರ್ಚೆ ಆರಂಭಿಸಬಹುದು. ಕೇಬಲ್ ಜಾಲದಲ್ಲಿ ಒಂದು ವಾಹಿನಿ ತಾಲ್ಲೂಕಿನ ಜನರದು ಎಂದು ಕಾನೂನಿಗೆ ಇನ್ನೊಂದು ಸಾಲು ಸೇರಿಸಬಹುದು. ತರಂಗಗಳು ಸ್ವತ್ತೇ ನಮ್ಮದು ಎಂದು ಸುಪ್ರೀಂ ಕೋರ್ಟೇ ಹೇಳಿ ಮೂವತ್ತು ವರ್ಷ ಕಳೆದಿದೆ. ಸ್ವತ್ತಿನ ಪತ್ರ ಕೈಯಲ್ಲಿದ್ದೂ ಮನೆಯೊಳಗೆ ಕಾಲಿಡದವರಂತೆ ಹಳ್ಳಿಗಳು ಹೊರಗೆ ನಿಂತಿವೆ.

ಘಾಟಿಯ ಕನ್ನಡಿ ಬೆಲೆಬಾಳುವ ವಸ್ತುವೇನಲ್ಲ. ಸರಿಯಾದ ಜಾಗದಲ್ಲಿ, ಸರಿಯಾದ ಎತ್ತರಕ್ಕೆ ಅದನ್ನು ಇಟ್ಟಿದ್ದಾರೆ, ಆದ್ದರಿಂದ ಬಡವನಿಗೂ ಬಲ್ಲಿದನಿಗೂ ನರಸಿಂಹ ಕಾಣುತ್ತಾನೆ. ಅರ್ಕಾವತಿಯ ಕೆರೆಗಳ ಸೀಮೆಯಲ್ಲೂ ಇಂಥದೊಂದು ಕನ್ನಡಿ ಬೇಕಾಗಿದೆ. ಮುಂದಿನ ಪುಷ್ಯದಲ್ಲಿ ಎತ್ತು ಹೊಡೆದುಕೊಂಡು ಬರುವ ರೈತನ ಬೆನ್ನ ಹಿಂದೆ ಅವನ ಕೆರೆ ಏನಾಗಿದೆ ಎಂಬುದು ಅವನಿಗೂ, ನಮಗೂ ಒಟ್ಟಿಗೆ ಕಾಣಲಿ.